ಶಲ್ಯ ಯಾರ ಕಡೆ?

ಹೋದ ತಿಂಗಳು ಅಕ್ಕನ ಮಗನ ಜೊತೆ ಒಂದು ಗೂಢಚಾರರ ಸಿನಿಮಾಕ್ಕೆ ಹೋಗಿದ್ದೆ. ಹೆಸರು ಬೇಡ ಬಿಡಿ, ಇಂಥ ಸಿನಿಮಾ ನೀವೂ ಹತ್ತಾದರೂ ನೋಡಿರುತ್ತೀರಿ. ನಮ್ಮವನೊಬ್ಬ ಗಡಿಯ ಆಚೆ ಹೋಗಿರುತ್ತಾನೆ. ಐದಾರು ವರ್ಷ ಸುದ್ದಿಯೇ ಇಲ್ಲ. ಆಮೇಲೆ ಒಂದು ದಿನ ಗಡ್ಡ ಬಿಟ್ಟುಕೊಂಡು ಪ್ರತ್ಯಕ್ಷನಾಗುತ್ತಾನೆ. ಬಂದವ ಇನ್ನೂ ನಮ್ಮವನೋ, ಅವರವನಾಗಿಯೇ ಬಂದನೋ? ಇದೊಂದು ಪ್ರಶ್ನೆ ಇಟ್ಟುಕೊಂಡು ಎರಡೂವರೆ ಗಂಟೆ ಕಾರು ಉರುಳುತ್ತದೆ, ಸೇತುವೆ ಸಿಡಿಯುತ್ತದೆ, ಹೆಲಿಕಾಪ್ಟರಿನಿಂದ ಜನ ನೇತಾಡುತ್ತಾರೆ.

ಇಂಟರ್‌ವಲ್‌ನಲ್ಲಿ ಹುಡುಗ ಕೇಳಿದ. ಸೆಕೆಂಡ್ ಪಿಯುಸಿ ಅವ. ಕೈಯಲ್ಲಿ ಪಾಪ್‌ಕಾರ್ನಿನ ಬಕೆಟ್ಟು. ಅದರ ಬೆಲೆಗೆ ಬಂದರಿನಲ್ಲಿ ಒಂದು ಕಿಲೋ ಬಂಗುಡೆ ಬರುತ್ತಿತ್ತು.

"ಮಾವ, ಇವ ಯಾರ ಕಡೆ?"

"ಸುಮ್ನೆ ನೋಡು ಮಾರಾಯ. ಕೊನೆಗೆ ಗೊತ್ತಾಗ್ತದೆ."

ಗೊತ್ತಾಯಿತು. ಕೊನೆಯ ಹತ್ತು ನಿಮಿಷದಲ್ಲಿ ಎಲ್ಲ ಬಿಡಿಸಿ ಹೇಳಿದರು. ಅವನು ಮೊದಲಿನಿಂದಲೂ ನಮ್ಮವನೇ. ಗೆಳೆಯನಿಗೆ ಗುಂಡು ಹೊಡೆದದ್ದೂ ನಾಟಕ, ಹೆಂಡತಿಯನ್ನು ಬಿಟ್ಟು ಹೋದದ್ದೂ ನಾಟಕ, ಕಡತ ಕದ್ದದ್ದಂತೂ ಮೇಲಿನವರ ಅಪ್ಪಣೆಯೇ. ಹಿಂದೆ ನೋಡಿದ ದೃಶ್ಯಗಳನ್ನೇ ಇನ್ನೊಂದು ಬದಿಯಿಂದ ತೋರಿಸಿ ಲೆಕ್ಕ ಸರಿ ಮಾಡಿದರು. ಹುಡುಗನಿಗೆ ಖುಷಿಯಾಯಿತು. ನನಗೆ ಯಾಕೋ ಮೋಸ ಹೋದ ಹಾಗಾಯಿತು. ಅಷ್ಟು ಹೊತ್ತು ನಿದ್ದೆ ಇಲ್ಲದೆ ಒದ್ದಾಡಿದ ಮನುಷ್ಯನನ್ನು ಒಂದು ಸರ್ಟಿಫಿಕೇಟು ಕೊಟ್ಟು ಮನೆಗೆ ಕಳಿಸಿದರು, ಅಷ್ಟೆ.

ಹೊರಗೆ ಬಂದು ಬಸ್ಸಿಗೆ ನಿಂತೆವು. ಮಂಗಳೂರಿನ ಜ್ಯೋತಿ ಟಾಕೀಸು ಈಗ ಇಲ್ಲ. ಆದರೂ ಕಂಡಕ್ಟರುಗಳು "ಜ್ಯೋತಿ, ಜ್ಯೋತಿ" ಅಂತಲೇ ಕೂಗುತ್ತಾರೆ. ಕಟ್ಟಡ ಹೋದರೂ ಹೆಸರಿಗೆ ನಿಷ್ಠೆ ಬಿಡದ ಊರು ನಮ್ಮದು.

"ಇವನಿಗಿಂತ ಒಳ್ಳೆ ಡಬಲ್ ಏಜೆಂಟ್ ನಮ್ಮಲ್ಲೇ ಇದ್ದಾನೆ," ಅಂದೆ.

"ಯಾರು?"

"ಶಲ್ಯ."

"ಅವ ಯಾವ ಟೀಮು?"

ಅದೇ ಅಲ್ವಾ ಪ್ರಶ್ನೆ!

ಬಸ್ಸಿನಲ್ಲಿ ಕತೆ ಹೇಳಿದೆ. ಶಲ್ಯ ಮದ್ರದೇಶದ ಅರಸ. ಮಾದ್ರಿಯ ಅಣ್ಣ. ಅಂದರೆ ನಕುಲ ಸಹದೇವರಿಗೆ ಸೋದರಮಾವ. ಯುದ್ಧ ಅಂತ ಗೊತ್ತಾದ ಕೂಡಲೇ ಸೇನೆ ಕಟ್ಟಿಕೊಂಡು ಪಾಂಡವರ ಕಡೆಗೆ ಹೊರಟವ. ದಾರಿಯುದ್ದಕ್ಕೂ ಯಾರೋ ಚಪ್ಪರ ಹಾಕಿಸಿದ್ದರು. ಒಳ್ಳೆ ಊಟ, ನೀರು, ನೆರಳು. ಧರ್ಮರಾಯನದ್ದೇ ಏರ್ಪಾಡು ಅಂತ ಇವನ ಎಣಿಕೆ. "ಇದನ್ನೆಲ್ಲ ಮಾಡಿಸಿದವರನ್ನು ಕರೆಯಿರಿ, ಏನು ಬೇಕಾದರೂ ಕೊಡ್ತೇನೆ" ಅಂದ. ಮರೆಯಿಂದ ದುರ್ಯೋಧನ ಬಂದು ಕೈಮುಗಿದ. ನಮ್ಮ ಕಡೆ ಬನ್ನಿ ಅಂದ. ಮಾತು ಕೊಟ್ಟಾಗಿತ್ತು. ಊಟವೂ ಆಗಿತ್ತು.

ಇಷ್ಟಾದ ಮೇಲೆ ಶಲ್ಯ ನೆಟ್ಟಗೆ ಹೋದದ್ದು ಧರ್ಮರಾಯನ ಹತ್ತಿರ. ಆದದ್ದನ್ನು ಹೇಳಿದ. ಧರ್ಮರಾಯ ಬಯ್ಯಲಿಲ್ಲ. ಒಂದು ಕೆಲಸ ಒಪ್ಪಿಸಿದ. ಮುಂದೆ ನೀನು ಕರ್ಣನ ಸಾರಥಿಯಾಗುವ ಹೊತ್ತು ಬರುತ್ತದೆ, ಆಗ ಮಾತಿನಲ್ಲೇ ಅವನ ಕಸುವು ಇಳಿಸು. ಶಲ್ಯ ಅದಕ್ಕೂ ಹೂಂ ಅಂದ. ಮೊದಲ ನೇಮಕ ಊಟದ ಋಣದ ಮೇಲೆ, ಎರಡನೆಯದು ನೆಂಟಸ್ತಿಕೆಯ ಮೇಲೆ. ಧರ್ಮರಾಯ ಅಂತ ಹೆಸರು ಹೊತ್ತವ ಮಾಡಿದ ಈ ನೇಮಕದ ಬಗ್ಗೆ ನನಗೆ ಚಿಕ್ಕಂದಿನಿಂದ ಒಂದು ತಕರಾರು ಉಂಟು. ಅದು ಇನ್ನೊಂದು ದಿನಕ್ಕೆ.

"ವಿಭೀಷಣ ಕೂಡ ಹೀಗೆಯೇ ಅಲ್ವಾ?" ಅಂತ ಹುಡುಗ ಕೇಳಿದ. ರಾಮಾಯಣ ಸ್ವಲ್ಪ ಗೊತ್ತುಂಟು ಅವನಿಗೆ, ಟೀವಿಯ ಪುಣ್ಯ.

ಅಲ್ಲ. ವಿಭೀಷಣ ಬಾಗಿಲು ಬಡಿದು, ಹೆಸರು ಹೇಳಿ, ಪಕ್ಷ ಬದಲಿಸಿದವ. ಅವನನ್ನು ಸೇರಿಸಿಕೊಳ್ಳುವ ಮೊದಲು ಸಮುದ್ರದ ದಂಡೆಯಲ್ಲಿ ನಡೆದ ಮಾತುಕತೆ ಇದೆಯಲ್ಲ, ಅದು ಯಾವ ಗೂಢಚಾರ ಇಲಾಖೆಗೂ ಪಾಠ ಆಗಬಹುದು. ಸುಗ್ರೀವ ಇವ ರಾವಣನ ಬೇಹಿನವ, ಕೊಂದುಬಿಡಿ ಅಂತಾನೆ. ಅಂಗದ ಪರೀಕ್ಷೆ ಮಾಡಿ ಅಂತಾನೆ. ಶರಭ ಅವನ ಹಿಂದೆ ನಮ್ಮ ಬೇಹಿನವರನ್ನು ಬಿಡಿ ಅಂತಾನೆ. ಜಾಂಬವಂತನಿಗೆ ಬಂದ ಹೊತ್ತೇ ಸರಿ ಕಾಣುವುದಿಲ್ಲ. ಮಾತಿನಲ್ಲಿ, ಮುಖದಲ್ಲಿ ಕಪಟ ಇಲ್ಲ ಅಂದವ ಹನುಮಂತ ಒಬ್ಬನೇ. ರಾಮ ಅಭಯ ಕೊಟ್ಟ. ಆಮೇಲೆ ರಾವಣ ಕಳಿಸಿದ ಶುಕ ಸಾರಣರು ಕಪಿಗಳ ವೇಷದಲ್ಲಿ ಒಳಗೆ ಬಂದಾಗ ಹಿಡಿದುಕೊಟ್ಟವ ಇದೇ ವಿಭೀಷಣ. ಅಲ್ಲಿಗೆ ಅವನ ಕತೆ ಸಲೀಸು.

ಶಲ್ಯನ ಕತೆ ಸಲೀಸಲ್ಲ. ಅವನು ಪಕ್ಷ ಬದಲಿಸಲೇ ಇಲ್ಲ. ಎರಡು ಕಡೆಗೂ ಕೊಟ್ಟ ಮಾತು ಇಟ್ಟುಕೊಂಡು ಒಂದೇ ಕಡೆ ಹದಿನೆಂಟು ದಿನ ಯುದ್ಧ ಮಾಡಿದ.

ಈ ಶಲ್ಯ ನನಗೆ ಪರಿಚಯವಾದದ್ದು ಪುಸ್ತಕದಿಂದ ಅಲ್ಲ, ನನ್ನ ಸೋದರಮಾವನಿಂದ. ಮಾವ ತಾಳಮದ್ದಲೆಯ ಅರ್ಥಧಾರಿ. ದೊಡ್ಡ ಹೆಸರಿನವರಲ್ಲ. ಶೇಣಿ, ದೇರಾಜೆ, ಸಾಮಗರು ಕೂತ ಕೂಟಗಳಲ್ಲಿ ಇವರು ಹಿಂದಿನ ಸಾಲಿನ ಪ್ರೇಕ್ಷಕ. ಊರ ಭಜನಾ ಮಂದಿರದಲ್ಲಿ, ನೆರೆಯ ನಾಲ್ಕು ಹಳ್ಳಿಗಳಲ್ಲಿ ಇವರಿಗೆ ಕುರ್ಚಿ ಖಾಯಂ.

ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು. ತಾಳಮದ್ದಲೆ ಅಂದರೆ ವೇಷ ಇಲ್ಲದ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ ಹೇಳುತ್ತಾರೆ. ಬಿಳಿ ಪಂಚೆ, ಶಾಲು ಹೊದ್ದವರು ಎದುರುಬದುರು ಕೂತು ಆ ಪದಕ್ಕೆ ಅರ್ಥ ಹೇಳುತ್ತಾರೆ. ಬಾಯಿಪಾಠ ಇಲ್ಲ. ಎದುರಿನವ ಎಂಥ ಮಾತು ಎಸೆಯುತ್ತಾನೆ ಅಂತ ಗೊತ್ತಿರುವುದಿಲ್ಲ. ಕತೆಯ ಕೊನೆ ಎಲ್ಲರಿಗೂ ಗೊತ್ತು, ಮಾತು ಯಾರಿಗೂ ಗೊತ್ತಿಲ್ಲ. ಇನ್ನೊಂದು ವಿಶೇಷ ಏನೆಂದರೆ ಯಾರ ಪಾತ್ರ ಬಂತೋ ಅವರ ಪಕ್ಷ. ಮೊನ್ನೆ ಕೃಷ್ಣನಾಗಿ ಕರ್ಣನ ತಲೆ ಕೆಡಿಸಿದವರೇ ಇವತ್ತು ಕರ್ಣನಾಗಿ ಕೂತು ಕೃಷ್ಣನ ಬಾಯಿ ಮುಚ್ಚಿಸುತ್ತಾರೆ. ನೋಡುವವರು ಎರಡಕ್ಕೂ ತಲೆದೂಗುತ್ತಾರೆ. ಇದರಲ್ಲಿ ಮೋಸ ಉಂಟು ಅಂತ ನಮ್ಮ ಊರಲ್ಲಿ ಯಾರಿಗೂ ಅನಿಸಿದ್ದಿಲ್ಲ.

ನಿಜವಾದ ಗೂಢಚಾರರ ಬಗ್ಗೆ ಓದುವ ಚಟ ನನಗೆ ಆಮೇಲೆ ಹತ್ತಿತು. ಅವರಲ್ಲಿ ಹುವಾನ್ ಪುಜೋಲ್ ಅನ್ನುವ ಸ್ಪೇನಿನವನೊಬ್ಬ. ಎರಡನೇ ಮಹಾಯುದ್ಧದ ಹೊತ್ತು. ಇಂಗ್ಲಿಷರ ಬಳಿ ಹೋಗಿ ನಿಮಗಾಗಿ ಕೆಲಸ ಮಾಡ್ತೇನೆ ಅಂದ. ಅವರು ಬೇಡ ಅಂದರು. ಸರಿ ಅಂತ ಜರ್ಮನರ ಬಳಿ ಹೋಗಿ ಏಜೆಂಟನಾದ. ಇಂಗ್ಲೆಂಡಿಗೆ ಹೋಗ್ತೇನೆ ಅಂತ ಹೇಳಿ ಲಿಸ್ಬನ್ನಿನಲ್ಲಿ ಕೂತ. ಪ್ರವಾಸಿಗರ ಕೈಪಿಡಿ ನೋಡಿಕೊಂಡು, ಕಣ್ಣಾರೆ ಕಾಣದ ಇಂಗ್ಲೆಂಡಿನ ವರದಿ ಬರೆದು ಕಳಿಸಿದ. ಗ್ಲಾಸ್ಗೋದಲ್ಲಿ ಒಂದು ಲೀಟರ್ ವೈನಿಗಾಗಿ ಏನು ಬೇಕಾದರೂ ಮಾಡುವ ಜನ ಇದ್ದಾರೆ ಅಂತ ಬರೆದ. ಅಲ್ಲಿಯವರು ಕುಡಿಯುವುದು ವೈನ್ ಅಲ್ಲ ಅಂತ ಅವನಿಗೆ ಗೊತ್ತಿರಲಿಲ್ಲ. ಜರ್ಮನರಿಗೂ ಗೊತ್ತಿರಲಿಲ್ಲ, ಬಚಾವಾದ.

1942ರಲ್ಲಿ ಇಂಗ್ಲಿಷರು ಅವನನ್ನು ಲಂಡನ್ನಿಗೆ ಕರೆಸಿಕೊಂಡು ಗಾರ್ಬೊ ಅಂತ ಗುಟ್ಟಿನ ಹೆಸರು ಇಟ್ಟರು. ಅಲ್ಲಿಂದ ಅವನು ಬಾಯಿಮಾತಿನಲ್ಲೇ 27 ಜನ ಉಪ ಏಜೆಂಟರನ್ನು ಹುಟ್ಟಿಸಿದ. ಒಬ್ಬರೂ ನಿಜವಲ್ಲ. ಅವರಲ್ಲಿ ಒಬ್ಬ ಲಿವರ್‌ಪೂಲಿನಲ್ಲಿದ್ದವ, ಹೇಳಲೇಬೇಕಾದ ಒಂದು ಹಡಗುಪಡೆಯ ಸುದ್ದಿ ಹೇಳಲಿಲ್ಲ. ಜರ್ಮನರಿಗೆ ಅನುಮಾನ ಬರಬಾರದಲ್ಲ? ಆ ಇಲ್ಲದ ಮನುಷ್ಯನಿಗೆ ಕಾಯಿಲೆ ಬರಿಸಿ, ಸಾಯಿಸಿ, ಪೇಪರಿನಲ್ಲಿ ಮರಣವಾರ್ತೆ ಹಾಕಿಸಿದರು. ಜರ್ಮನರು ಆ ಇಲ್ಲದ ಮನುಷ್ಯನ ಇಲ್ಲದ ಹೆಂಡತಿಗೆ ಪಿಂಚಣಿ ಕೊಟ್ಟರು. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯಲ್ಲಿ ಇಂಗ್ಲಿಷರ ಕಡೆಯ ಸೇನೆ ಇಳಿದ ಮೇಲೂ ನಿಜವಾದ ದಾಳಿ ಕಲೇ ಬಂದರಿನ ಕಡೆಯಿಂದ ಬರುತ್ತದೆ ಅಂತ ಅವರನ್ನು ನಂಬಿಸಿದವರಲ್ಲಿ ಇವ ಮುಖ್ಯ. ಅದೇ ವರ್ಷ ಜರ್ಮನಿಯಿಂದ ಐರನ್ ಕ್ರಾಸ್ ಪದಕ, ಇಂಗ್ಲೆಂಡಿನಿಂದ ಎಂಬಿಇ ಬಿರುದು. ವೇಷ ಇಲ್ಲ, ಕುಣಿತ ಇಲ್ಲ, ಕುರ್ಚಿಯಲ್ಲಿ ಕೂತು ಬರೇ ಮಾತಿನಲ್ಲೇ ಒಂದು ಸೇನೆ. ಇದನ್ನು ಓದಿದಾಗ ಮಾವ ಬದುಕಿದ್ದರೆ ಹೇಳಬೇಕಿತ್ತು ಅನಿಸಿತು. ಒಳ್ಳೆ ಅರ್ಥಧಾರಿ ಅಂತ ಒಪ್ಪುತ್ತಿದ್ದರು.

ಆದರೆ ಪುಜೋಲನ ಮನಸ್ಸು ಎಲ್ಲಿತ್ತು ಅನ್ನುವುದರಲ್ಲಿ ಗೊಂದಲ ಇಲ್ಲ. ನಾಜಿಗಳು ಸೋಲಬೇಕು ಅಂತಲೇ ಹೊರಟವ. ಶಲ್ಯನ ಜಾತಿಯವ ಬೇಕಾದರೆ ಭಗತ್ ರಾಮ್ ತಲ್ವಾರ್‌ನನ್ನು ನೋಡಬೇಕು.

1941ರ ಜನವರಿಯಲ್ಲಿ ಸುಭಾಷ್ ಚಂದ್ರ ಬೋಸ್ ಕಲ್ಕತ್ತೆಯ ಮನೆಯಿಂದ ರಾತ್ರೋರಾತ್ರಿ ತಪ್ಪಿಸಿಕೊಂಡು ಪೇಶಾವರ ಸೇರಿದರು. ಅಲ್ಲಿಂದ ಬೆಟ್ಟ ದಾಟಿಸಿ ಕಾಬೂಲಿಗೆ ಮುಟ್ಟಿಸಿದವ ಈ ಭಗತ್ ರಾಮ್. ರಹಮತ್ ಖಾನ್ ಅಂತ ಪಠಾಣನ ವೇಷ. ಬೋಸರಿಗೆ ಪಷ್ಟೋ ಬಾರದು, ಹಾಗಾಗಿ ಅವರು ಕಿವಿ ಕೇಳದ, ಮಾತು ಬಾರದ ನೆಂಟ. ಭಗತ್ ರಾಮನ ಒಡಹುಟ್ಟಿದ ಹರಿಕಿಷನ್ ಪಂಜಾಬಿನ ಗವರ್ನರ್ ಮೇಲೆ ಗುಂಡು ಹಾರಿಸಿ 1931ರಲ್ಲಿ ಗಲ್ಲಿಗೇರಿದವ. ಇಂಥ ಮನೆಯವನ ನಿಷ್ಠೆ ಪ್ರಶ್ನಿಸುವವರು ಯಾರು?

ಬೋಸ್ ಬರ್ಲಿನ್ ತಲುಪಿದರು. ಇವ ಕಾಬೂಲಿನಲ್ಲಿ ಇಟಲಿಯವರಿಗೆ, ಆಮೇಲೆ ಜರ್ಮನರಿಗೆ ಏಜೆಂಟನಾದ. 1941ರ ಜೂನಿನಲ್ಲಿ ಹಿಟ್ಲರ್ ರಷ್ಯದ ಮೇಲೆ ಬಿದ್ದ. ಭಗತ್ ರಾಮ್ ಕಮ್ಯುನಿಸ್ಟ್. ರಷ್ಯದವರ ಬಳಿ ಹೋಗಿ ಎಲ್ಲ ಹೇಳಿದ. ರಷ್ಯದವರು ಅವನನ್ನು ಇಂಗ್ಲಿಷರ ಜೊತೆ ಹಂಚಿಕೊಂಡರು. ದೆಹಲಿಯಲ್ಲಿ ಅವನ ಉಸ್ತುವಾರಿ ಪೀಟರ್ ಫ್ಲೆಮಿಂಗ್ ಅನ್ನುವ ಇಂಗ್ಲಿಷ್ ಅಧಿಕಾರಿಗೆ ಬಂತು. ಗುಟ್ಟಿನ ಹೆಸರು ಸಿಲ್ವರ್. ಮುಂದೆ ಜಪಾನ್ ಕೂಡ ಸೇರಿ ಲೆಕ್ಕ ಐದು ದೇಶಕ್ಕೆ ಬಂತು. ಜರ್ಮನರು ಅವನ ಸುಳ್ಳು ಸುದ್ದಿಗಳಿಗೆ ಮೆಚ್ಚಿ ಐರನ್ ಕ್ರಾಸ್ ಕೊಟ್ಟರು. ಬರ್ಲಿನ್ನಿನಲ್ಲಿದ್ದ ಬೋಸರು ನನ್ನನ್ನು ದಾಟಿಸಿದ ಮನುಷ್ಯ ಅಂತ ಅವನನ್ನು ನಂಬಿಕೊಂಡೇ ಇದ್ದರು. ಅವನೋ ಬೋಸರು ಯಾರ ವಿರುದ್ಧ ಹೊರಟಿದ್ದರೋ ಅವರಿಗೇ ಕೆಲಸ ಮಾಡುತ್ತಿದ್ದ.

ದ್ರೋಹಿ ಅನ್ನಬೇಕಾ? ಬೋಸರನ್ನು ಅವ ಹಿಡಿದುಕೊಡಲಿಲ್ಲ. ದೇಶಭಕ್ತ ಅನ್ನಬೇಕಾ? ವೈಸ್‌ರಾಯ್ ಸರಕಾರಕ್ಕೆ ದುಡಿದ. ಪಾರ್ಟಿಗೆ ನಿಷ್ಠ ಅಂದರೆ ಒಂದು ಮಟ್ಟಿಗೆ ಸರಿ. ಆದರೆ ಕಾಬೂಲಿನ ದಾರಿಯಲ್ಲಿ ಆ ಚಳಿಯಲ್ಲಿ ಬೋಸರ ಜೊತೆ ಹೆಜ್ಜೆ ಹಾಕಿದಾಗ ಅವನ ಮನಸ್ಸಿನಲ್ಲಿ ಇದ್ದದ್ದು ಪಾರ್ಟಿಯೋ, ಒಡಹುಟ್ಟಿದವನೋ, ಬರೇ ಮುಂದಿನ ಚೆಕ್‌ಪೋಸ್ಟೋ?

ಅನುಮಾನ ಅನ್ನುವುದು ನಮ್ಮ ಊರಿಗೂ ಹೊಸತಲ್ಲ. ಬೋಳೂರಿನ ಸುಲ್ತಾನ್ ಬತ್ತೇರಿಗೆ ಸಂಜೆ ಹೊತ್ತು ಹೋಗಿ, ತೂತುಗಳಿಂದ ಹೊಳೆ ನೋಡಿದರೆ ಗೊತ್ತಾಗುತ್ತದೆ. ಹಡಗು ಬರುವುದನ್ನು ಕಾಯಲಿಕ್ಕೆ ಕಟ್ಟಿದ ಜಾಗ ಅದು. ಹೈದರ್ 1782ರ ಡಿಸೆಂಬರಿನಲ್ಲಿ ತೀರಿಕೊಂಡ. ಅವ ಮಗನ ಹಾಗೆ ಬೆಳೆಸಿದ್ದ ಶೇಖ್ ಅಯಾಜ್ ಬಿದನೂರಿನಲ್ಲಿ ಅಧಿಕಾರಿ. ಟಿಪ್ಪುವಿಗೂ ಅವನಿಗೂ ಆಗುತ್ತಿರಲಿಲ್ಲ. 1783ರಲ್ಲಿ ಇಂಗ್ಲಿಷ್ ಸೇನೆ ಬಂದಾಗ ಅವ ಬಿದನೂರನ್ನು ಬಿಟ್ಟುಕೊಟ್ಟ. ಮಂಗಳೂರು ಕೋಟೆಯೂ ಹೋಯಿತು. ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ವಾಪಸು ತೆಗೆದುಕೊಳ್ಳಬೇಕಾಯಿತು. 1784ರ ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ. ಇಂಗ್ಲಿಷರಿಗೆ ನೆರವಾದರು ಅನ್ನುವ ಅನುಮಾನದ ಮೇಲೆ ಅದೇ ವರ್ಷ ಕರಾವಳಿಯ ಕ್ರೈಸ್ತರನ್ನು ಸಾವಿರಗಟ್ಟಲೆ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಯಾರು ಯಾರ ಕಡೆ ಅಂತ ಮನೆ ಮನೆಗೆ ಹೋಗಿ ಕೇಳುವ ತಾಳ್ಮೆ ಯಾವ ಅರಸನಿಗೂ ಇರುವುದಿಲ್ಲ.

ಈಗ ಮಾವನ ವಿಷಯಕ್ಕೆ ಬರುತ್ತೇನೆ. ಅಲ್ಲಿಗೆ ಬರಲಿಕ್ಕೆ ಇಷ್ಟು ಸುತ್ತು ಹಾಕಿದ್ದು.

ಮಾವ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ರೈಟ್ರು. ಗುಮಾಸ್ತ ಅನ್ನುವ ಮಾತು ನಮ್ಮಲ್ಲಿ ಕಡಿಮೆ, ರೈಟ್ರು ಅಂತಲೇ ಹೇಳುವುದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಬದಿಯಲ್ಲಿ ಒಂದರ ಹಿಂದೆ ಒಂದು ಎದ್ದವು. ದೋಣಿಯಲ್ಲಿ ಜೇಡಿಮಣ್ಣು ಬರುತ್ತಿತ್ತು, ದೋಣಿಯಲ್ಲೇ ಹಂಚು ಬಂದರಕ್ಕೆ ಹೋಗುತ್ತಿತ್ತು. ಮಾವನ ಕಾಲಕ್ಕೆ, ಅಂದರೆ 1980ರ ದಶಕದ ಕೊನೆಗೆ, ಆ ವೈಭವ ಇಳಿದಿತ್ತು. ಕಾಂಕ್ರೀಟು ಬಂದಿತ್ತು. ಒಂದೊಂದೇ ಕಾರ್ಖಾನೆಯ ಚಿಮಣಿ ತಣ್ಣಗಾಗುತ್ತಿತ್ತು.

ಮಾವನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಕಾನೂನಿನ ಭಾಷೆಯೂ ಸ್ವಲ್ಪ ಗೊತ್ತಿತ್ತು. ಹಾಗಾಗಿ ಒಂದು ದೀಪಾವಳಿಗೆ ಮುಂಚೆ ಕೆಲಸದವರು ರಾತ್ರಿ ಅವರ ಜಗಲಿಗೆ ಬಂದರು. ಬೋನಸ್ಸಿನ ಬೇಡಿಕೆಯ ಕಾಗದ ಬರೆದುಕೊಡಬೇಕು ಅಂತ. ಮಾವ ಬರೆದರು. ಏಳು ಜನ ಸಹಿ ಹಾಕಿದರು. ಮರುದಿನ ಅದು ಧಣಿಗಳ ಮೇಜಿಗೆ ಹೋಯಿತು. ಧಣಿಗಳು ಓದಿದರು, ಬೆಲ್ಲು ಹೊಡೆದರು.

"ರೈಟ್ರೇ, ಇದಕ್ಕೊಂದು ಉತ್ತರ ಬರೆಯಿರಿ."

ಮಾವ ಅದನ್ನೂ ಬರೆದರು.

ಎರಡೂ ಕಾಗದದ ಕಾರ್ಬನ್ ಪ್ರತಿ ಈಗ ನನ್ನ ಹತ್ತಿರ ಉಂಟು. ಅತ್ತೆ ತೀರಿಕೊಂಡ ಮೇಲೆ ಕಬ್ಬಿಣದ ಪೆಟ್ಟಿಗೆಯಲ್ಲಿ ಸಿಕ್ಕಿತು. ನೀಲಿ ಮಾಸಿದೆ, ಅಕ್ಷರ ಅದೇ. 'ಮಾನ್ಯರೇ' ಅನ್ನುವಲ್ಲಿ ಯಕಾರದ ಒತ್ತು ಎರಡರಲ್ಲೂ ಒಂದೇ ಥರ ಬಾಲ ಎಳೆದುಕೊಂಡಿದೆ. ಮೊದಲ ಕಾಗದದಲ್ಲಿ ಕೆಲಸದವರ ಮನೆಯ ಕಷ್ಟ, ಅಕ್ಕಿಯ ಬೆಲೆ, ಹಂಚು ಸುಡುವ ಗೂಡಿನ ಬೆಂಕಿಯ ಎದುರು ದುಡಿಯುವವರ ಬೆವರು. ಎರಡನೆಯದರಲ್ಲಿ ಕಟ್ಟಿಗೆಯ ಬೆಲೆ, ಒಡೆದ ಹಂಚಿನ ನಷ್ಟ, ಮಾರಾಟ ಆಗದೆ ರಾಶಿ ಬಿದ್ದ ಸರಕು. ಎರಡೂ ಒಳ್ಳೆ ಕಾಗದವೇ. ಓದಿದರೆ ಎರಡಕ್ಕೂ ಕಣ್ಣು ಒದ್ದೆಯಾಗುತ್ತದೆ.

ತಕರಾರು ಇರುವುದು ಮೊದಲ ಕಾಗದದ ಕೊನೆಯ ಸಾಲಿನಲ್ಲಿ. 1965ರ ಬೋನಸ್ ಕಾಯ್ದೆಯ ಪ್ರಕಾರ ಆಗ ಕಡಿಮೆ ಅಂದರೆ ವರ್ಷದ ಸಂಬಳದ ನೂರಕ್ಕೆ 8.33, ಜಾಸ್ತಿ ಅಂದರೆ 20. ಕೆಲಸದವರು ಕೇಳಿದ್ದು 20. ಅದನ್ನು ಚೆನ್ನಾಗಿ ಬರೆದು, ಕೊನೆಗೆ ಮಾವ ಹೀಗೆ ಸೇರಿಸಿದ್ದಾರೆ: "ಇಷ್ಟು ಕೊಡಲು ಸರ್ವಥಾ ಸಾಧ್ಯವಾಗದಿದ್ದಲ್ಲಿ ಶೇಕಡಾ 12ಕ್ಕೆ ಕಡಿಮೆಯಾಗದಂತೆ ದಯಪಾಲಿಸಬೇಕಾಗಿ ವಿನಂತಿ."

ಇಸ್ಪೀಟಿನಲ್ಲಿ ಎದುರಿನವನಿಗೆ ಎಲೆ ತೋರಿಸಿದ ಹಾಗೆ!

ಆ ವರ್ಷ 12ಕ್ಕೇ ತೀರ್ಮಾನವಾಯಿತು. ಒಂದು ದಿನವೂ ಕೆಲಸ ನಿಲ್ಲಲಿಲ್ಲ, ಗೂಡು ಆರಲಿಲ್ಲ. ಆದರೆ ಆಮೇಲೆ ಮಾತು ಶುರುವಾಯಿತು. ಆ ಸಾಲು ಇಲ್ಲದಿದ್ದರೆ 15 ಆದರೂ ಸಿಗುತ್ತಿತ್ತು, ರೈಟ್ರು ಧಣಿಗಳ ಜನ ಅಂತ ಕೆಲಸದವರು. ಸಹಿ ಹಾಕುವಾಗ ಏಳರಲ್ಲಿ ಒಬ್ಬರೂ ಆ ಸಾಲು ನೋಡಿರಲಿಲ್ಲ, ಅಥವಾ ನೋಡಿ ಸುಮ್ಮನಿದ್ದರು. ಇತ್ತ ಧಣಿಗಳ ಕಿವಿಗೆ ಇನ್ನೊಂದು ಬಿತ್ತು. 12 ಕೊಡುವಷ್ಟು ಲಾಭ ಉಂಟು ಅಂತ ಕೆಲಸದವರಿಗೆ ಹೇಗೆ ಗೊತ್ತು? ಲೆಕ್ಕದ ಪುಸ್ತಕ ನೋಡುವವ ರೈಟ್ರು ಒಬ್ಬನೇ. ಹಾಗಾದರೆ ಇವ ಯೂನಿಯನ್ನಿನ ಜನ. ಮಾವನ ಮೇಜನ್ನು ಒಳಗಿನ ಕೋಣೆಯಿಂದ ತೆಗೆದು ಹೊರಗೆ ಹಂಚು ಎಣಿಸುವ ಶೆಡ್ಡಿಗೆ ಹಾಕಿದರು. ಆ ಬೇಸಿಗೆಯಲ್ಲಿ ದೊಡ್ಡ ಮಗಳ ಮದುವೆ. ಧಣಿಗಳ ಮನೆಯಿಂದ ಯಾರೂ ಬರಲಿಲ್ಲ. ಗೂಡಿನವರೂ ಬರಲಿಲ್ಲ. ಮಾಡಿದ ಪಾಯಸ ಉಳಿದದ್ದು ನನಗೆ ನೆನಪುಂಟು, ಎರಡು ದಿನ ನಾವು ಮಕ್ಕಳು ಅದನ್ನೇ ಕುಡಿದೆವು.

ಬಹಳ ವರ್ಷದ ನಂತರ ನಾನೇ ಬಾಯಿ ಬಿಟ್ಟು ಕೇಳಿದ್ದೆ. ಆಗ ಕಾರ್ಖಾನೆ ಮುಚ್ಚಿ, ಆ ಜಾಗದಲ್ಲಿ ಫ್ಲಾಟು ಎದ್ದಿತ್ತು.

"ಮಾವ, ಆ 12ರ ಸಾಲು ಯಾರು ಹೇಳಿ ಬರೆದದ್ದು?"

ಅವರು ಕನ್ನಡಕ ಒರೆಸಿಕೊಂಡರು. "ಕಾಗದದಲ್ಲಿ ತಪ್ಪು ಉಂಟಾ? ಅದು ಹೇಳು," ಅಂದರು. ಅಷ್ಟೇ.

ಮದುವೆ ಆದ ಮೇಲಿನ ಆಟಿ ತಿಂಗಳಿನಲ್ಲಿ ಭಜನಾ ಮಂದಿರದಲ್ಲಿ ತಾಳಮದ್ದಲೆ. ಕರ್ಣಪರ್ವ. ನನಗೆ ಆಗ ಹತ್ತೋ ಹನ್ನೊಂದೋ ವರ್ಷ. ಹೊರಗೆ ಮಳೆ ಅಂದರೆ ಮಳೆ. ಟ್ಯೂಬ್‌ಲೈಟಿನ ಸುತ್ತ ಹುಳ. ಕರ್ಣನಾಗಿ ಶಾಲೆಯ ಮಾಸ್ಟ್ರು, ಶಲ್ಯನಾಗಿ ಮಾವ. ಪಾತ್ರ ಹಂಚಿದವರು ಬೇಕೆಂದೇ ಹಂಚಿದರೋ ಏನೋ. ಸಭೆಯಲ್ಲಿ ಗೂಡಿನವರು ಒಂದು ಬದಿ ಕೂತಿದ್ದರು. ಕಾರ್ಖಾನೆಯ ಮ್ಯಾನೇಜರು ಮುಂದಿನ ಬೆಂಚಿನಲ್ಲಿ.

ಮೊದಲರ್ಧ ಎಂದಿನ ಹಾಗೆ ಹೋಯಿತು. ಏನು ಬೇಕಾದರೂ ಮಾತಾಡುವ ಸ್ವಾತಂತ್ರ್ಯ ಕೊಟ್ಟರೆ ಮಾತ್ರ ರಥ ಹೊಡೆಯುತ್ತೇನೆ ಅಂತ ಶಲ್ಯ ಮೊದಲೇ ಕರಾರು ಮಾಡಿಕೊಂಡವ. ಆ ಕರಾರಿನ ಮೇಲೆ ಮಾವ ಕರ್ಣನನ್ನು ಚುಚ್ಚಿದರು, ಹಂಸದ ಜೊತೆ ಹಾರಲು ಹೋದ ಕಾಗೆಯ ಕತೆ ಹೇಳಿ ನಗಿಸಿದರು. ಆಮೇಲೆ ಸರ್ಪಾಸ್ತ್ರದ ಸಂದರ್ಭ ಬಂತು. ಕರ್ಣ ಅರ್ಜುನನ ಕೊರಳಿಗೆ ಗುರಿ ಇಟ್ಟಿದ್ದಾನೆ. ಶಲ್ಯ ಹೇಳುತ್ತಾನೆ: ಕೊರಳಿಗೆ ಬೇಡ, ಎದೆಗೆ ಇಡು.

ಇಡೀ ಪರ್ವದಲ್ಲಿ ನನಗೆ ಇವತ್ತಿಗೂ ಮೈ ಜುಮ್ಮೆನ್ನುವ ಜಾಗ ಇದು. ಯಾಕೆಂದರೆ ಆ ಸಲಹೆ ಸರಿ. ಕೃಷ್ಣ ರಥವನ್ನು ಕೆಳಗೆ ಒತ್ತಿದ, ಬಾಣ ಕಿರೀಟ ಹಾರಿಸಿಕೊಂಡು ಹೋಯಿತು. ಎದೆಗೆ ಇಟ್ಟಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಪಾಂಡವರ ಕೆಲಸಕ್ಕೆ ಬಂದ ಮನುಷ್ಯ ಪಾಂಡವರು ಸಾಯುವಂಥ ಸಲಹೆ ಯಾಕೆ ಕೊಟ್ಟ? ಕರ್ಣ ಒಪ್ಪುವುದಿಲ್ಲ ಅಂತ ಗೊತ್ತಿದ್ದೇ ಕೊಟ್ಟನಾ? ಅಥವಾ ಲಗಾಮು ಹಿಡಿದ ಕೈ ಆ ಒಂದು ಗಳಿಗೆ ರಥದಲ್ಲಿ ಕೂತವನ ಕಡೆಯೇ ಆಗಿಬಿಟ್ಟಿತಾ?

ಕರ್ಣನಾದರೂ ಯಾಕೆ ಒಪ್ಪಲಿಲ್ಲ? ತೊಟ್ಟ ಬಾಣವನ್ನು ಮತ್ತೆ ತೊಡುವುದಿಲ್ಲ ಅಂತ. ನಮ್ಮ ಕಡೆಯ ಪ್ರಸಂಗಗಳಲ್ಲಿ ಅದು ಬರೇ ಬಿರುದಿನ ಮಾತಲ್ಲ. ಕುಂತಿ ಬಂದು ಕೇಳಿಕೊಂಡಾಗ ಗುಟ್ಟಿನಲ್ಲಿ ಕೊಟ್ಟ ಭಾಷೆ. ಲೆಕ್ಕ ಹಾಕಿ ನೋಡಿ. ದುರ್ಯೋಧನ ಬದುಕನ್ನೇ ನೆಚ್ಚಿಕೊಂಡ ಆ ಒಂದು ರಥದಲ್ಲಿ ಇಬ್ಬರಿದ್ದರು. ಇಬ್ಬರೂ ಎದುರು ಪಕ್ಷಕ್ಕೆ ಒಳಗಿಂದೊಳಗೆ ಮಾತು ಕೊಟ್ಟವರೇ. ಒಬ್ಬನ ಗುಟ್ಟು ಇನ್ನೊಬ್ಬನಿಗೆ ಗೊತ್ತಿರಲಿಲ್ಲ. ಮೊನ್ನೆ ಬಸ್ಸಿನಲ್ಲಿ ಇದನ್ನು ಹೇಳಿದಾಗ ಹುಡುಗ ಮೊಬೈಲು ಕಿಸೆಗೆ ಹಾಕಿಕೊಂಡ.

ಆ ರಾತ್ರಿ ಮಾಸ್ಟ್ರ ಕರ್ಣ ಬಿಡಲಿಲ್ಲ. "ಮದ್ರರಾಜ, ಬೆಳಗಿನಿಂದ ನನ್ನ ಕೈ ನಡುಗಿಸಿದವ ನೀನು. ಈಗ ಗುರಿ ಹೇಳಿಕೊಡಲು ಬಂದೆಯಾ? ನೀನು ಯಾರ ಸಾರಥಿ, ಅದನ್ನು ಈ ಸಭೆಗೆ ಹೇಳು!" ಅಂದರು. ಯುದ್ಧಭೂಮಿ ಅನ್ನಬೇಕಿತ್ತು, ಬಾಯಿ ತಪ್ಪಿ ಸಭೆ ಅಂದರು. ಗೂಡಿನವರ ಬದಿಯಲ್ಲಿ ಯಾರೋ ಕೆಮ್ಮಿದರು. ಮಳೆಯ ಸದ್ದು ಒಂದೇ ಕೇಳುತ್ತಿತ್ತು.

ಮಾವ ಶಾಲು ಸರಿ ಮಾಡಿಕೊಂಡರು.

"ಮಾತು ಕೊಟ್ಟದ್ದು ಎರಡು ಕಡೆ ಕರ್ಣಾ. ರಥ ಒಂದೇ ಇತ್ತು. ಬೀಳದ ಹಾಗೆ ಇಲ್ಲಿಯವರೆಗೆ ತಂದಿದ್ದೇನೆ. ಇನ್ನು ನಿನ್ನ ಕುದುರೆ, ನಿನ್ನ ಹಗ್ಗ."

ನಮ್ಮ ಪ್ರಸಂಗದಲ್ಲಿ ಶಲ್ಯ ಅಲ್ಲಿ ರಥ ಇಳಿದು ಹೋಗುತ್ತಾನೆ. ತಾಳಮದ್ದಲೆಯಲ್ಲಿ ಹಾಗೆ ಬಾಯಲ್ಲಿ ಹೇಳಿದರೆ ಸಾಕು, ಯಾರೂ ಏಳುವುದಿಲ್ಲ. ಮಾವ ಎದ್ದರು. ಎದ್ದವರು ವೇದಿಕೆ ಇಳಿದು, ಚಪ್ಪಲಿ ಹುಡುಕಿ ಹಾಕಿಕೊಂಡು, ಹಿಂದಿನ ಬಾಗಿಲಿನಿಂದ ಹೊರಗೆ ಹೋದರು. ಮಾಸ್ಟ್ರು ಖಾಲಿ ಕುರ್ಚಿ ನೋಡುತ್ತಾ ಒಂದು ಗಳಿಗೆ ಮಾತು ಮರೆತರು. ಭಾಗವತರು ಪದ ಎತ್ತಿ ಹೇಗೋ ಸುಧಾರಿಸಿದರು. ಚಕ್ರ ಹೂತಿತು, ಕರ್ಣ ಬಿದ್ದ, ಮಂಗಳದ ಹೊತ್ತಾಯಿತು. ಎಲ್ಲರೂ ಕೂತಿರಬೇಕು, ಮಾವನನ್ನು ಕರೆದುಕೊಂಡು ಬಾ ಅಂತ ಅತ್ತೆ ನನ್ನ ಕೈಗೆ ಕೊಡೆ ಕೊಟ್ಟು ಕಳಿಸಿದರು.

ಮಂದಿರದ ಹಿಂದೆ ಒಂದು ಗೂಡಂಗಡಿ. ತಾಳಮದ್ದಲೆ ಇದ್ದ ದಿನ ರಾತ್ರಿ ಇಡೀ ತೆರೆದಿರುತ್ತಿತ್ತು. ಮಾಡಿನ ಕೆಳಗಿನ ಬೆಂಚಿನಲ್ಲಿ ಮಾವ ಒಬ್ಬರೇ ಕೂತಿದ್ದರು. ಕೈಯಲ್ಲಿ ಕಾಫಿಯ ಗ್ಲಾಸು. ಬೆಂಚಿನ ಮೇಲೆ ಇನ್ನೊಂದು ಗ್ಲಾಸು, ಅರ್ಧ ಕುಡಿದದ್ದು, ಇನ್ನೂ ಹಬೆ ಏಳುತ್ತಿತ್ತು. ಹೊಳೆಯ ಕಡೆ ಹೋಗುವ ದಾರಿಯಲ್ಲಿ ಒಂದು ಕೊಡೆ ಕತ್ತಲಿಗೆ ಸೇರುತ್ತಿತ್ತು. ಆ ದಾರಿಯಲ್ಲಿ ಗೂಡಿನವರ ಬಿಡಾರವೂ ಉಂಟು, ಮ್ಯಾನೇಜರ ಬಂಗಲೆಯೂ ಉಂಟು.

"ಮಾವ, ಮಂಗಳಕ್ಕೆ ಬರ್ಬೇಕಂತೆ," ಅಂದೆ.

"ಶಲ್ಯ ಇಳಿದು ಹೋದ ಮೇಲೆ ಇವತ್ತಿಗೆ ಪುನಃ ಬರ್ಲಿಕ್ಕಿಲ್ಲ ಮಗಾ," ಅಂದರು. ಪಕ್ಕದ ಕಾಗದದ ಪೊಟ್ಟಣ ನನ್ನ ಕಡೆ ದೂಡಿದರು. ಅದರಲ್ಲಿ ಎರಡು ಗೋಳಿಬಜೆ ಇತ್ತು, ಬಿಸಿ. ನಾನು ಆ ಇನ್ನೊಂದು ಗ್ಲಾಸನ್ನು ಸ್ವಲ್ಪ ಬದಿಗೆ ಸರಿಸಿ, ಅಲ್ಲೇ ಕೂತು ತಿಂದೆ.